ಮೂವತ್ತೆರಡನೇ ಮನೆಯ ಹಾಜರಿ

ಆರೆನಾಲ್ ಆಲ್ತೊ, ಲಿಮಾ
ಮಾರ್ಚ್ 24, 1996

ಒಲಿಂದಾ,

ಇದನ್ನು ನಿನಗೆ ಬರೆಯುವುದು ಬೇಡವೆಂದೇ ಇದ್ದೆ. ನೀರಿನ ಲಾರಿ, ನನ್ನ ಮಂಡಿನೋವು, ಶಿಶುವಿಹಾರಕ್ಕೆ ಬಂದ ಹೊಸ ಬೆಂಚು ಎಂದು ಎರಡು ಹಾಳೆ ತುಂಬಿಸಿ ಮಡಿಚಿಟ್ಟಿದ್ದೆ. ಬೆಳಿಗ್ಗೆ ಎದ್ದು ಅದನ್ನು ಹರಿದುಹಾಕಿದೆ. ಮಂಗಳವಾರ ನಾನು ಒಬ್ಬ ಮನುಷ್ಯನಿಗೆ ಹೊಡೆದೆ. ಎರಡು ಏಟು. ಒಂದು ನನ್ನ ಮನೆಯ ಪರವಾಗಿ, ಇನ್ನೊಂದು ನಿನ್ನ ಮನೆಯ ಪರವಾಗಿ.

ನೀನು ಸಮುದ್ರ ದಾಟಿ ತೊರಿನೊಗೆ ಹೋದಮೇಲೆ ಬಂದ ನಿಯಮ ಇದು. ಪೊಲೀಸರು ಈ ಮರಳು ದಿಬ್ಬ ಹತ್ತುವುದಿಲ್ಲ, ಗೊತ್ತಲ್ಲ. ಗಂಡಸರೆಲ್ಲ ಕೆಳಗೆ ಕೆಲಸಕ್ಕೆ ಇಳಿದ ಮೇಲೆ, ನಡುಹಗಲಲ್ಲೇ ಕಳ್ಳರು ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗುತ್ತಿದ್ದರು. ಬಾಸಿಲಿಸಾಳ ಮನೆಗೆ ಎರಡು ಸಲ ನುಗ್ಗಿದರು. ಕೊನೆಗೆ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಪ್ರತಿ ಬಾಗಿಲಿಗೂ ಒಂದು ಸೀಟಿ ತೂಗುಹಾಕಬೇಕು. ಸೀಟಿ ಕೇಳಿದರೆ ಮನೆಗೊಬ್ಬರು ಮೈದಾನಕ್ಕೆ ಬರಬೇಕು. ಕಾರ್ಯದರ್ಶಿ ಮನೆಯ ನಂಬರು, ಹೆಸರು ಕೂಗಿ ಹಾಜರಿ ಕರೆಯಬೇಕು. ಕರೆದ ಮನೆಯವರು ‘ಹಾಜರ್’ ಎಂದು ಮುಂದೆ ಬಂದು, ಹಿಡಿದ ಕಳ್ಳನಿಗೆ ಚಾಟಿಯಿಂದ ಒಂದು ಏಟು ಹಾಕಿ ಹಿಂದೆ ಸರಿಯಬೇಕು. ಒಂದೇ ಏಟು. ‘ಎಲ್ರೂ ಹೊಡೆದ್ರೆ ಯಾರೂ ಹೊಡೆದಂಗಲ್ಲ’ ಎಂದು ಅಧ್ಯಕ್ಷ ಎಫ್ರಾಯಿನ್ ಹೇಳಿದರು. ಕೈಗೆ ಸಿಕ್ಕ ಕಲ್ಲು ತೂರುವುದಕ್ಕಿಂತ ಇದು ಮೇಲು ಎಂದು ಆ ದಿನ ನನಗೂ ಅನಿಸಿತ್ತು. ಕಾರ್ಯದರ್ಶಿ ನಾನೇ. ನನ್ನ ಅಕ್ಷರ ದುಂಡಗಿದೆ ಎಂದು ಆರಿಸಿದರು.

ಮೂರು ಸಲ ಗೈರುಹಾಜರಾದ ಮನೆಯ ಜಾಗವನ್ನು ಸಂಘ ಬೇರೆಯವರಿಗೆ ಕೊಡುತ್ತದೆ. ನನಗೆ ಜ್ವರ ಬಂದಾಗ ನಿನ್ನ ಮನೆ ಎರಡು ಸಲ ಗೈರಾಗಿದೆ. ಹಾಗಾಗಿ ಮೂವತ್ತೊಂದು ಎಂದು ಕರೆದು ನಾನೇ ಹಾಜರ್ ಎನ್ನುತ್ತೇನೆ. ಮೂವತ್ತೆರಡು ಎಂದು ಕರೆದು ಮತ್ತೆ ನಾನೇ ಹಾಜರ್ ಎನ್ನುತ್ತೇನೆ.

ಮೇಲಿನ ಸಾಲಿನಲ್ಲಿ ಸಿಕ್ಕಿಬಿದ್ದ ಹೊರಗಿನವನು ಅವನು. ಮೈದಾನದ ಗೋಲು ಕಂಬಕ್ಕೆ ಕಟ್ಟಿದ್ದರು. ಆ ಹೊತ್ತಿನಲ್ಲಿ ಇದ್ದವರು ಬಹುತೇಕ ಹೆಂಗಸರೇ. ನನ್ನ ಸರದಿ ಬಂದಾಗ ಬಾಸಿಲಿಸಾ ಕೂಗಿದಳು, ‘ಟೀಚರ್, ಸೀಮೆಸುಣ್ಣ ಹಿಡ್ಕೊಂಡಂಗೆ ಹಿಡ್ಕೋಬೇಡಿ ಚಾಟೀನ!’ ಎಲ್ಲರೂ ನಕ್ಕರು. ನಾನು ಮೆಲ್ಲಗೆ ಹೊಡೆದೆ ಎಂದುಕೊಂಡಿದ್ದೇನೆ. ಮತ್ತೆ ಯೋಚಿಸಿದರೆ ಗೊತ್ತಾಗುವುದಿಲ್ಲ. ಕೊನೆಗೆ ದಿಬ್ಬದ ಬುಡಕ್ಕೆ ಪೊಲೀಸ್ ಜೀಪು ಬಂದು ಅವನನ್ನು ಕರೆದೊಯ್ದಿತು. ಜೀವ ಇತ್ತು.

ನಿನ್ನ ಮನೆ ಭದ್ರವಾಗಿದೆ. ಚಾವಣಿಯ ಚಾಪೆ ಬದಲಿಸಿದ್ದೇನೆ. ನಿನ್ನನ್ನು ಕಟ್ಟಿಕೊಂಡಿದ್ದ ಆ ಕುಡುಕ ಬಿಟ್ಟುಹೋದ ದಿನ ನಿನಗೊಂದು ಮಾತು ಹೇಳಿದ್ದೆ. ಇನ್ನೊಬ್ಬ ಗಂಡಸು ಆ ಹೊಸ್ತಿಲು ದಾಟಿದರೆ ನಿನ್ನ ಹೆಸರಿಗೆ ನಾನು ಹಾಜರಿ ಹೇಳುವುದಿಲ್ಲ ಎಂದು. ಆ ಮಾತು ಈಗಲೂ ಹಾಗೆಯೇ ಇದೆ.

ನಿನ್ನ ಅಕ್ಕ,
ಸೆನೈದಾ

•

ತೊರಿನೊ
ಏಪ್ರಿಲ್ 17, 1996

ಅಕ್ಕಾ,

ನಿನ್ನ ಪತ್ರ ಓದಿ ಎಷ್ಟು ನಕ್ಕೆ ಗೊತ್ತಾ? ಮಕ್ಕಳ ಮೂಗು ಒರೆಸುವ ನನ್ನ ಅಕ್ಕ ಚಾಟಿ ಹಿಡಿದಿದ್ದಾಳೆ! ಅದಕ್ಕೆ ಎರಡು ಹಾಳೆ ಪಶ್ಚಾತ್ತಾಪ ಬೇರೆ. ನಾನು ಅಲ್ಲಿದ್ದಾಗ ನನ್ನ ಸಿಲಿಂಡರ್ ಹೋದದ್ದು ಮರೆತೆಯಾ? ಒಂದು ತಿಂಗಳು ಹಲಗೆ ಚೂರು ಒಟ್ಟಿ ಅನ್ನ ಬೇಯಿಸಿದೆ. ಆ ಹೊಗೆಗೆ ಕೆಂಪಾದ ಕಣ್ಣು ಇನ್ನೂ ತಿಳಿಯಾಗಿಲ್ಲ.

ನನ್ನ ಹೆಸರಿನ ಏಟು ಹೇಗಿತ್ತು ಹೇಳು. ಜೋರಾಗಿತ್ತು ತಾನೇ? ಇಲ್ಲಿ ನಾನು ನೋಡಿಕೊಳ್ಳುವ ಮುದುಕಿ ಈ ವಾರ ಸ್ನಾನ ಮಾಡಿಸುವಾಗ ನನ್ನ ಮುಂಗೈ ಕಚ್ಚಿದಳು. ನಾಲ್ಕು ಹಲ್ಲಿನ ಗುರುತು ನೀಲಿಗಟ್ಟಿದೆ. ನಾನು ಕೈ ಎತ್ತುವಂತಿಲ್ಲ, ‘ಪರವಾಗಿಲ್ಲ ಅಮ್ಮಾ’ ಅನ್ನಬೇಕು. ನೀನಾದರೂ ಅಲ್ಲಿ ನನ್ನ ಪರವಾಗಿ ಯಾರಿಗೋ ಒಂದು ಬಾರಿಸಿದೆಯಲ್ಲ, ಮೈ ಹಗುರಾಯಿತು.

ಅದಿರಲಿ. ನಿನ್ನ ಮನೆ ಬಾಗಿಲಿಗೆ ನಾನು ಕಳಿಸಿದ ಅಚ್ಚರಿಯೊಂದು ಬಂದು ಮುಟ್ಟಿರಬೇಕು. ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ ನೀನು. ಅಷ್ಟು ಸಿಟ್ಟಾ? ಮೊದಲು ಒಂದು ಲೋಟ ಕಾಫಿ ಕೊಡು, ಆಮೇಲೆ ಎಷ್ಟು ಬೇಕೋ ಅಷ್ಟು ಬೈ. ಫೋನ್ ಮಾಡಿ ಕೇಳೋಣವೆಂದರೆ ನಿಮ್ಮ ದಿಬ್ಬಕ್ಕೆ ತಂತಿಯೇ ಹತ್ತಿಲ್ಲ. ಬೇಗ ಬರೆ.

ಒಲಿಂದಾ

•

ಆರೆನಾಲ್ ಆಲ್ತೊ
ಮೇ 12, 1996

ಒಲಿಂದಾ,

ಯಾವ ಅಚ್ಚರಿ? ಇಲ್ಲಿ ಯಾರಿಗೂ ನಾನು ಕಾಫಿ ಕೊಟ್ಟಿಲ್ಲ.

ನಿನ್ನ ಬಾಗಿಲ ಬೀಗಕ್ಕೆ ಎರಡು ಬೀಗದ ಕೈ ಇದ್ದವು. ಒಂದು ನನ್ನ ಬಳಿ ಇದೆ. ಇನ್ನೊಂದನ್ನು ನೀನು ಕೊರಳಿಗೆ ಹಾಕಿಕೊಂಡು ವಿಮಾನ ಹತ್ತಿದ್ದು ನೆನಪಿದೆ. ಅದು ಈಗಲೂ ನಿನ್ನ ಹತ್ತಿರವೇ ಇದೆಯೇ? ನೋಡಿ ಬರೆ. ಸುಮ್ಮನೆ ಕೇಳಿದೆ, ಏನೇನೋ ಊಹಿಸಿಕೊಳ್ಳಬೇಡ.

ಮಂಜು ಇಳಿಯಲು ಶುರುವಾಗಿದೆ. ಚಾಟಿಯನ್ನು ಸಂಘದ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದಾರೆ. ತೇವಕ್ಕೆ ತೊಗಲು ಹಾಳಾಗಬಾರದೆಂದು ಯಾರೋ ಎಣ್ಣೆ ಹಚ್ಚಿದ್ದಾರೆ. ಹಾಜರಿ ಪುಸ್ತಕ ತರಲು ಹೋದಾಗಲೆಲ್ಲ ಆ ಎಣ್ಣೆಯ ವಾಸನೆ ಬರುತ್ತದೆ.

ಮೊದಲು ಬೀಗದ ಕೈ ನೋಡು.

ಸೆನೈದಾ

•

ತೊರಿನೊ
ಜೂನ್ 4, 1996

ಅಕ್ಕಾ,

ಬೀಗದ ಕೈ ನನ್ನ ಹತ್ತಿರ ಇಲ್ಲ. ಅಬ್ದೋನ್ ಹತ್ತಿರ ಇದೆ.

ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಅವನು ಮತ್ತು ನಾನು ಒಟ್ಟಿಗೆ ಇದ್ದೇವೆ. ಅವನದು ನಮ್ಮ ಬೆಟ್ಟದ ಕಡೆಯ ಊರು, ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಕುಡಿಯುವುದಿಲ್ಲ. ಕೈ ಎತ್ತುವವನಲ್ಲ. ಮುದುಕಿ ಕಚ್ಚಿದರೆ ನನ್ನ ಕೈಗೆ ಉಪ್ಪುನೀರು ಹಾಕುವವನು. ಅವನಿಗೆ ಇಲ್ಲಿರಲು ಪರವಾನಗಿ ಸಿಗಲಿಲ್ಲ. ‘ನಾನು ಮೊದಲು ಹೋಗಿ ಆ ಚಾಪೆ ಗೋಡೆ ಕಿತ್ತು ಇಟ್ಟಿಗೆ ಇಡ್ತೀನಿ, ವರ್ಷದ ಕೊನೆಗೆ ನೀನು ಬಾ’ ಅಂದ. ಮಾರ್ಚ್ ಹದಿನೇಳಕ್ಕೆ ಹೊರಟ. ನನ್ನ ಕೊರಳಿನಿಂದ ಬೀಗದ ಕೈ ತೆಗೆದು ಕೊಟ್ಟೆ. ನಿನಗೆ ನಾಲ್ಕು ಹಾಳೆಯ ಪತ್ರ ಬರೆದು ಅವನ ಚೀಲದಲ್ಲಿ ಇಟ್ಟೆ. ಎದುರಿಗೆ ನಿಂತು ಕೊಟ್ಟರೆ ನೀನು ಹೇಗೋ ಒಪ್ಪಿಕೊಳ್ಳುತ್ತೀ ಅಂದುಕೊಂಡೆ. ಅಂಚೆಯಲ್ಲಿ ತಿಳಿಸಿದ್ದರೆ ಅವನು ಬರುವ ಮೊದಲೇ ನೀನು ಬೀಗ ಬದಲಿಸುತ್ತಿದ್ದೆ. ಸುಳ್ಳಾ ಹೇಳು?

ಆಮೇಲೆ ಅವನಿಂದ ಒಂದು ಸುದ್ದಿಯೂ ಇಲ್ಲ. ಊರಲ್ಲಿ ಅವನ ತಾಯಿಯ ಬಳಿಗೂ ಹೋಗಿಲ್ಲ.

ನೀನು ಬೀಗದ ಕೈ ಕೇಳಿದ್ದು ಯಾಕೆ ಎಂದು ಮೂರು ದಿನ ಯೋಚಿಸಿದೆ. ಅರ್ಥವಾಯಿತು. ಅವನು ಬಂದಿದ್ದ. ಬಾಗಿಲು ತೆಗೆಯುತ್ತಿದ್ದವನನ್ನು ನೀನು ನೋಡಿದೆ. ಬಾಯಿಗೆ ಬಂದಂತೆ ಬೈದು ಓಡಿಸಿದೆ. ಅಚ್ಚರಿ ಯಾವುದು ಅಂತ ಗೊತ್ತಿಲ್ಲದವಳ ಹಾಗೆ ನಾಟಕ ಬೇರೆ. ಅಷ್ಟೇ ತಾನೇ ಅಕ್ಕಾ? ಬೈದು ಓಡಿಸಿದೆ, ಅಷ್ಟೇ ತಾನೇ?

ಒಲಿಂದಾ

•

ಆರೆನಾಲ್ ಆಲ್ತೊ
ಜೂನ್ 26, 1996

ಒಲಿಂದಾ,

ಹೌದು. ಬಂದಿದ್ದ. ನಾನು ಒಳಗೆ ಬಿಡಲಿಲ್ಲ. ಆಮೇಲೆ ಎಲ್ಲಿಗೆ ಹೋದನೋ ನನಗೆ ಗೊತ್ತಿಲ್ಲ. ಒಂದು ಮಾತಿಗೇ ಹೋದವನು ಎಷ್ಟು ದಿನ ಇರುತ್ತಿದ್ದ, ನೀನೇ ಯೋಚಿಸು.

ಸೆನೈದಾ

•

ತೊರಿನೊ
ಜುಲೈ 17, 1996

ಸೆನೈದಾ,

ಅಕ್ಕಾ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ನಾಲ್ಕು ಸಾಲು ಓದಿದೆ. ಸಮುದ್ರ ದಾಟಿ ಬಂದ ಮನುಷ್ಯನಿಗೆ ಒಂದು ಲೋಟ ನೀರು ಕೊಡಲು ನಿನ್ನಿಂದ ಆಗಲಿಲ್ಲ. ನಿನಗೆ ನಿನ್ನ ಸಂಘ ಇದೆ, ಪುಸ್ತಕ ಇದೆ, ಇರು ಅದರ ಜೊತೆ.

ಅವನ ಮೇಲೂ ನನಗೆ ಉಳಿದಿರುವುದು ಅಸಹ್ಯವೇ. ಹೆಂಗಸೊಬ್ಬಳು ಬೈದಳೆಂದು ಬಾಲ ಮುದುರಿ ಓಡುವವನು ಯಾವ ಸೀಮೆ ಗಂಡಸು? ಅವನ ಫೋಟೋ ಹರಿದು ಮುದುಕಿಯ ಕಸದ ಬುಟ್ಟಿಗೆ ಹಾಕಿದೆ. ಅವನ ತಾಯಿ ಯಾರಿಂದಲೋ ನನಗೆ ಪತ್ರ ಬರೆಸಿದ್ದಾಳೆ. ‘ನನ್ನ ಮಗನನ್ನು ಎಲ್ಲಿ ಬಚ್ಚಿಟ್ಟಿದ್ದೀ, ಮಾಟಗಾತಿ’ ಅಂತ. ‘ನಿನ್ನ ಮಗ ಹೇಡಿ, ನಾನು ಕಟ್ಟಿಹಾಕಿಕೊಂಡಿಲ್ಲ, ಬೇಕಿದ್ದರೆ ಹೋಗಿ ನನ್ನ ಅಕ್ಕನನ್ನು ಕೇಳು’ ಎಂದು ನಿನ್ನ ವಿಳಾಸ ಕೊಟ್ಟಿದ್ದೇನೆ.

ಮೂವತ್ತೆರಡನೇ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕು. ಇನ್ನು ನನಗೆ ಬರೆಯಬೇಡ.

ಒಲಿಂದಾ

•

ಆರೆನಾಲ್ ಆಲ್ತೊ
ಆಗಸ್ಟ್ 11, 1996

ಒಲಿಂದಾ,

ಬರೆಯಬೇಡ ಎಂದಿದ್ದೀ. ಇದೊಂದನ್ನು ಓದು. ನಿಂತುಕೊಂಡು ಓದಬೇಡ, ಕೂತುಕೋ.

ಅಬ್ದೋನ್ ಓಡಿಹೋಗಲಿಲ್ಲ. ಮಾರ್ಚ್ ಹತ್ತೊಂಬತ್ತರ ಮಂಗಳವಾರ ನಾವು ಗೋಲು ಕಂಬಕ್ಕೆ ಕಟ್ಟಿ ಹೊಡೆದವನು ಅವನೇ. ಇಪ್ಪತ್ತೈದನೇ ತಾರೀಕು ಆಸ್ಪತ್ರೆಯಲ್ಲಿ ಸತ್ತ. ನಿನಗೆ ಮೊದಲ ಪತ್ರ ಬರೆದ ಮಾರನೆಯ ದಿನ. ಅವನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನನ್ನು ಒಳ್ಳೆಯವಳನ್ನಾಗಿ ಮಾಡುವ ವಾಕ್ಯಗಳು ತಾವಾಗಿಯೇ ಬರುತ್ತವೆ, ಅವನ್ನು ಹೊಡೆದುಹಾಕುತ್ತಾ ಬರೆಯುತ್ತಿದ್ದೇನೆ.

ಹನ್ನೆರಡು ಗಂಟೆ ಇರಬಹುದು. ಶಿಶುವಿಹಾರದಲ್ಲಿದ್ದೆ. ಮೇಲಿನ ಸಾಲಿನಿಂದ ಸೀಟಿ ಕೇಳಿಸಿತು, ಅದರ ಹಿಂದೆ ಹತ್ತಾರು ಸೀಟಿ. ನಿನ್ನ ಬಾಗಿಲ ಬೀಗ ತೆಗೆಯುತ್ತಿದ್ದ ಹೊರಗಿನವನನ್ನು ಬಾಸಿಲಿಸಾ ನೋಡಿದ್ದಳು. ನಾನು ಪುಸ್ತಕ ತೆಗೆದುಕೊಂಡು ಮೈದಾನಕ್ಕೆ ಬರುವ ಹೊತ್ತಿಗೆ ಅವನನ್ನು ಕಾಲು ಹಿಡಿದು ಮರಳಿನ ಮೇಲೆ ಎಳೆದು ತಂದಿದ್ದರು. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಬೂದು ಬಣ್ಣದ ಜಾಕೆಟ್ಟನ್ನು ಆಗಲೇ ಯಾರೋ ಬಿಚ್ಚಿಕೊಂಡಿದ್ದರು. ಬಾಯಿಯ ತುಂಬ ಮರಳು. ಉಗಿಯುತ್ತಾ ಉಗಿಯುತ್ತಾ ಮಾತಾಡುತ್ತಿದ್ದ.

‘ಯಾರೋ ನೀನು?’ ಎಂದರು ಎಫ್ರಾಯಿನ್.

‘ಒಲಿಂದಾ ಗಂಡ. ಅದು ನಮ್ಮನೆ. ಬೀಗದ ಕೈ ನೋಡಿ ಬೇಕಾದ್ರೆ.’

‘ಬೀಗದ ಕೈ ಅರ ಹಾಕಿ ಯಾರು ಬೇಕಾದ್ರೂ ಮಾಡ್ಕೋಬಹುದು’ ಎಂದಳು ಬಾಸಿಲಿಸಾ. ‘ಟೀಚರ್, ನಿಮ್ ತಂಗಿಗೆ ಗಂಡ ಇದಾನಾ?’

ಎಲ್ಲರೂ ನನ್ನ ಕಡೆ ತಿರುಗಿದರು. ‘ನನ್ನ ತಂಗಿಗೆ ಗಂಡ ಇಲ್ಲ’ ಎಂದೆ.

ಅನುಮಾನವೇ ಇಲ್ಲದೆ ಹೇಳಿದೆ. ನನಗೆ ತಿಳಿಯದ್ದು ನಿನ್ನ ಬದುಕಿನಲ್ಲಿ ಏನೂ ಇರಲಾರದು ಎಂಬ ಧೈರ್ಯ ನನಗಿತ್ತು. ನೀನು ಅವನ ವಿಷಯ ಮುಚ್ಚಿಟ್ಟೆ, ನಿಜ. ಆದರೆ ನಾನು ಹೊಸ್ತಿಲಿನ ಮಾತು ಆಡಿದ್ದರಿಂದ ನೀನು ಮುಚ್ಚಿಟ್ಟೆ. ಇದನ್ನು ನೀನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ.

‘ಚೀಲದಲ್ಲಿ ಕಾಗದ ಇದೆ, ಟೀಚರಿಗೇ ಬರೆದಿರೋದು’ ಎಂದ. ಅದು ನನ್ನ ಕಿವಿಗೆ ಬಿತ್ತು. ಬಾಸಿಲಿಸಾ ಚೀಲಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದಳು. ನಿಲ್ಲಿಸು ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಎಫ್ರಾಯಿನ್ ‘ಹಾಜರಿ’ ಎಂದರು. ನಾನು ಪುಸ್ತಕ ತೆರೆದು ‘ಒಂದು’ ಎಂದೆ. ನನ್ನ ಬೆನ್ನ ಹಿಂದೆ ನಿನ್ನ ನಾಲ್ಕು ಹಾಳೆ ಸುಟ್ಟುಹೋಯಿತು.

ಚಾಟಿಯ ತುದಿಗೆ ಗಂಟು ಇದೆ. ಹತ್ತರ ಹೊತ್ತಿಗೆ ಅಂಗಿ ಬಿರಿಯಿತು. ಇಪ್ಪತ್ತರ ಹೊತ್ತಿಗೆ ಅಂಗಿ ಯಾವುದು, ಚರ್ಮ ಯಾವುದು ತಿಳಿಯುತ್ತಿರಲಿಲ್ಲ. ಹೊಡೆಯುವವರ ಕೈ ಜಾರಬಾರದೆಂದು ಎರಡು ಸಲ ಹಿಡಿಯ ರಕ್ತ ಒರೆಸಿದರು. ಅವನು ಯಾರಿಗೂ ಶಾಪ ಹಾಕಲಿಲ್ಲ. ಪ್ರತಿ ಏಟಿಗೂ ಮುಂಚೆ ನಾನು ಕೂಗುವ ಹೆಸರನ್ನು ಗಮನವಿಟ್ಟು ಕೇಳುತ್ತಿದ್ದ. ಏಕೆಂದು ಆಗ ಗೊತ್ತಾಗಲಿಲ್ಲ.

ಮೂವತ್ತೊಂದು ನಾನು. ಹೊಡೆದೆ. ಅವನು ತಲೆ ಎತ್ತಿ ನೋಡಿ, ‘ಸೆನೈದಕ್ಕಾ’ ಎಂದ.

ಈ ದಿಬ್ಬದಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಟೀಚರ್ ಎನ್ನುತ್ತಾರೆ. ಹಾಗೆ ಕರೆಯುವವಳು ನೀನೊಬ್ಬಳೇ.

ನಾನು ‘ಮೂವತ್ತೆರಡು, ಒಲಿಂದಾ’ ಎಂದು ಕೂಗಿದೆ.

‘ಹಾಜರ್’ ಎಂದ ಅವನು.

ಅದಕ್ಕೇ ಅವನು ಅಷ್ಟು ಹೊತ್ತು ಕಾದಿದ್ದು. ತನ್ನ ಮನೆಯ ಹೆಸರು ಬಂದಾಗ ತಾನು ಉತ್ತರ ಕೊಟ್ಟರೆ ನಾವು ನಂಬುತ್ತೇವೆ ಎಂದುಕೊಂಡಿದ್ದ. ಆಮೇಲೆ ಬಾಸಿಲಿಸಾ, ‘ಬಾರಪ್ಪಾ ಹಂಗಾದ್ರೆ, ನಿನ್ ಏಟು ನೀನೇ ಹೊಡ್ಕೊ!’ ಎಂದಳು. ನಗು ಎದ್ದಿತು. ಆ ನಗುವಿನ ನಡುವೆ ನಾನು ಹೊಡೆದೆ. ನೀನು ಕೇಳಿದ್ದೆಯಲ್ಲ, ನಿನ್ನ ಹೆಸರಿನ ಏಟು ಹೇಗಿತ್ತು ಎಂದು. ಜೋರಾಗಿತ್ತು. ಕುತ್ತಿಗೆಗೆ ಬಿತ್ತು. ನಿನ್ನ ಜಾಗ ಉಳಿಸಲು ಹೊಡೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನಿನ್ನ ಪರವಾಗಿ ಹಾಜರ್ ಎನ್ನುವ ಹಕ್ಕು ನನ್ನದು. ಅದನ್ನು ಎಲ್ಲರೆದುರು ಅವನು ಕಿತ್ತುಕೊಂಡ ಎಂದು ಸಿಟ್ಟು ಬಂತು. ಅದಕ್ಕೆ ಹೊಡೆದೆ.

ಮೂವತ್ತೆಂಟನೇ ಮನೆಯ ಮುದುಕ ಮೆಲಿತೋನ್ ಚಾಟಿ ಮುಟ್ಟಲಿಲ್ಲ. ‘ಇವನು ಸಾಯ್ತಾನೆ ಟೀಚರ್, ಸಾಕ್ಮಾಡಿ’ ಎಂದ. ನಾನು ಅವನ ಹೆಸರಿನ ಮುಂದೆ ಗೈರು ಎಂದು ಬರೆದೆ. ಐವತ್ತರ ಮೇಲೆ ಅಬ್ದೋನ್ ತಲೆ ಎತ್ತಲಿಲ್ಲ. ಅರವತ್ತನಾಲ್ಕರ ತನಕ ಕರೆದೆ. ಪುಟ ಅರ್ಧಕ್ಕೆ ನಿಲ್ಲಬಾರದು ಎಂಬುದೊಂದೇ ತಲೆಯಲ್ಲಿತ್ತು.

ಅವನು ಸತ್ತ ಸುದ್ದಿ ತಿಂಗಳ ಕೊನೆಗೆ ಬಂತು. ಎಫ್ರಾಯಿನ್ ಆ ಪುಟವನ್ನು ತೆಗೆದು ಹೊಸದಾಗಿ ಬರೆಯಲು ಹೇಳಿದರು. ನಾನು ಬ್ಲೇಡಿನಿಂದ ಕತ್ತರಿಸಿ, ಹೊಸ ಹಾಳೆ ಅಂಟಿಸಿ, ‘ಮಾರ್ಚ್ 19, ಬೀದಿ ಗುಡಿಸುವ ಶ್ರಮದಾನ’ ಎಂದು ಬರೆದು ಅದೇ ಹೆಸರುಗಳನ್ನು ತುಂಬಿಸಿದೆ. ಬಾಸಿಲಿಸಾ ಇಣುಕಿ ನೋಡಿ, ‘ಸುಳ್ಳೇನ್ ಬಿಡಿ? ಕಸಾನೇ ಅಲ್ವಾ ಗುಡಿಸಿದ್ದು’ ಎಂದಳು. ನಾನೂ ತುಟಿಯಂಚಿನಲ್ಲಿ ನಕ್ಕೆ. ಕತ್ತರಿಸಿದ ಪುಟವನ್ನು ಮಾತ್ರ ಏಕೋ ಸುಡಲಿಲ್ಲ.

ನೀನು ಕಾಫಿಯ ಮಾತು ಬರೆದ ಪತ್ರ ಕೈಗೆ ಬಂದ ದಿನ, ಅವನಿಂದ ಕಿತ್ತುಕೊಂಡು ಸಂಘದ ಕೋಣೆಯಲ್ಲಿ ಇಟ್ಟಿದ್ದ ಬೀಗದ ಕೈಯನ್ನೂ ನನ್ನದನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಹಲ್ಲಿಗೆ ಹಲ್ಲು ಕೂತಿತು. ಅಂದರೆ ನನಗೆ ಮೇ ತಿಂಗಳಿಂದ ಗೊತ್ತು. ‘ಬೈದು ಓಡಿಸಿದೆ, ಅಷ್ಟೇ ತಾನೇ’ ಎಂದು ನೀನೇ ಒಂದು ಬಾಗಿಲು ತೆರೆದುಕೊಟ್ಟೆ, ನಾನು ನುಸುಳಿಬಿಟ್ಟೆ. ಸತ್ತವನನ್ನು ಹೇಡಿ ಮಾಡಿ ನಾನು ಬರೀ ಬಾಯಿಬಡುಕಿ ಅಕ್ಕನಾಗಿ ಉಳಿದೆ.

ಕಳೆದ ಭಾನುವಾರ ಅವನ ತಾಯಿ ಬಂದಳು. ಹೆಸರು ಫೌಸ್ತಿನಾ. ಫೋಟೋ ಹಿಡಿದು ಮನೆ ಮನೆಗೂ ಹೋದಳು. ‘ನೋಡಿಲ್ಲಮ್ಮಾ’, ‘ನೋಡಿಲ್ಲಮ್ಮಾ’ ಎಂದು ಹೊಡೆದ ಕೈಗಳೇ ಬಾಗಿಲು ಮುಚ್ಚಿದವು. ಮೆಲಿತೋನ್ ಮಾತ್ರ, ‘ಟೀಚರನ್ನೇ ಕೇಳಮ್ಮಾ, ಅವರು ಎಲ್ಲಾ ಬರೆದಿಟ್ಕೊಂಡಿರ್ತಾರೆ’ ಎಂದು ನನ್ನ ಬಳಿಗೆ ಕಳಿಸಿದ. ನೀರು ಕೊಟ್ಟೆ. ಅವಳು ಲೋಟ ಹಿಡಿದುಕೊಂಡು, ‘ನಿನ್ ತಂಗಿ ಅವನನ್ನ ಅಲ್ಲೇ ಇಟ್ಕೊಂಡವ್ಳೆ ಕಣವ್ವಾ. ಇಟ್ಕೊಳ್ಳಲಿ. ಬದುಕಿದಾನೆ ಅಂತ ಒಂದ್ ಮಾತು ಹೇಳಿಸ್ಬಿಡು, ನಾನು ಹೊಂಟೋಗ್ತೀನಿ’ ಎಂದಳು. ನಾನು ಅವಳಿಗೂ ‘ನೋಡಿಲ್ಲ’ ಎಂದೆ. ಆಮೇಲೆ ನಿನ್ನ ಮನೆ ತೆರೆದುಕೊಟ್ಟೆ. ಒಂದು ವಾರದಿಂದ ಅಲ್ಲಿಯೇ ಇದ್ದಾಳೆ. ಬೆಳಗಾದರೆ ಫೋಟೋ ಎತ್ತಿಕೊಂಡು ಆಸ್ಪತ್ರೆ, ಜೈಲು ಎಂದು ಇಳಿದುಹೋಗುತ್ತಾಳೆ.

ನೀನು ಅವನನ್ನು ಹೇಡಿ ಎನ್ನುತ್ತಿದ್ದೀ, ಅವಳು ನಿನ್ನನ್ನು ಮಾಟಗಾತಿ ಎನ್ನುತ್ತಿದ್ದಾಳೆ. ನಾನು ನಡುವೆ ಕೂತು ಇಬ್ಬರ ಅನುಮಾನಕ್ಕೂ ನೀರೆರೆಯುತ್ತಿದ್ದೇನೆ. ಇದಕ್ಕಿಂತ ಚಾಟಿ ವಾಸಿ.

ನಿನ್ನೆ ಎಫ್ರಾಯಿನ್ ಅವರಿಗೆ ಹೇಳಿದೆ, ಆ ಪುಟವನ್ನು ಸರ್ಕಾರಿ ವಕೀಲರ ಕಚೇರಿಗೆ ಕೊಡುತ್ತೇನೆ ಎಂದು. ಅವರು ಕೂಗಾಡಲಿಲ್ಲ. ‘ಅರವತ್ಮೂರು ಮನೆ ಒಳಗೆ ಹೋಗತ್ತೆ ಟೀಚರ್. ಮಕ್ಕಳಿದಾರೆ. ಬರೆದ ಕೈ ಯಾರ್ದು ಅಂತ ಮೊದಲು ನಿಮ್ಮನ್ನೇ ಕೇಳ್ತಾರೆ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇಂದು ಬೆಳಿಗ್ಗೆ ಶಿಶುವಿಹಾರದ ಮುಂದಿನ ದೀಪದ ಕಂಬಕ್ಕೆ ಒಂದು ಬೆರ್ಚಪ್ಪ ನೇತಾಡುತ್ತಿತ್ತು. ಮರಳು ತುಂಬಿದ ಹೊಟ್ಟೆ, ಮೈಗೆ ನನ್ನ ನೀಲಿ ಏಪ್ರನ್, ಕುತ್ತಿಗೆಗೆ ಹಗ್ಗ. ನನ್ನ ಪುಟ್ಟ ಮಕ್ಕಳು ಅದರ ಕೆಳಗೆ ಸಾಲಾಗಿ ನಿಂತು ಕಲ್ಲೆಸೆಯುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರು, ತಳ್ಳಾಡದೆ. ಸಾಲಿನಲ್ಲಿ ನಿಲ್ಲುವುದನ್ನು ಅವರಿಗೆ ಕಲಿಸಿದವಳು ನಾನು.

ಆಸ್ಪತ್ರೆಯವರು ಹೆಸರಿಲ್ಲದವರನ್ನು ಹೂಳುವ ಜಾಗ ಹುಡುಕಿ ಇಟ್ಟಿದ್ದೇನೆ. ತಗಡಿನ ಮೇಲೆ ಒಂದು ನಂಬರು, ಅಷ್ಟೇ. ಮಂಗಳವಾರ ಫೌಸ್ತಿನಾಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲೇ ನಿಂತು ಎಲ್ಲವನ್ನೂ ಹೇಳುತ್ತೇನೆ. ಅವಳು ಏನು ಮಾಡಿದರೂ ನಾನು ಕೈ ಅಡ್ಡ ಹಿಡಿಯುವುದಿಲ್ಲ. ಅವಳಿಗೆ ತಿಳಿಯುವ ಮೊದಲು ಈ ಪತ್ರ ಹೊರಡಬಾರದು.

ನಿನ್ನಿಂದ ಕ್ಷಮೆ ಕೇಳುವುದಿಲ್ಲ. ನನಗೆ ಬರೆಯುವುದೂ ಬೇಡ. ಫೌಸ್ತಿನಾಳಿಗೆ ಬರೆ. ಅವಳ ಮಗ ಹೇಡಿ ಎಂದು ಬರೆದ ಕೈಯಿಂದಲೇ, ಅವನು ಹೇಗಿದ್ದ, ತೊರಿನೊದಲ್ಲಿ ಏನು ತಿನ್ನುತ್ತಿದ್ದ, ಯಾವ ಗೋಡೆ ಕಟ್ಟಿದ, ಎಲ್ಲವನ್ನೂ ಬರೆ. ಯಾರಾದರೂ ಓದಿ ಹೇಳುತ್ತಾರೆ.

ಅಂಚೆ ಕಚೇರಿಯೂ ವಕೀಲರ ಕಚೇರಿಯೂ ಒಂದೇ ಬೀದಿಯಲ್ಲಿವೆ. ಮೊದಲು ಅಂಚೆಗೆ ಹೋಗುತ್ತೇನೆ. ಇನ್ನೊಂದು ಬಾಗಿಲು ಹೊಕ್ಕ ಮೇಲೆ ಹೊರಗೆ ಬಿಡುತ್ತಾರೋ ಇಲ್ಲವೋ ತಿಳಿಯದು.

ಸೆನೈದಾ

ಅಂಚೆಗೆ ಹಾಕುವ ದಿನ: ಬುಧವಾರ, ಆಗಸ್ಟ್ 14, 1996